ಬೆಪ್ಪು: ಬಿಸಿನೀರಿನ ಹದ ಅರಿತ ಊರು

ಆತ್ಮೀಯ ಶ್ರೋತೃಗಳೇ,

ಒಸಾಕಾದ ಬಂದರಿನಿಂದ ಸಂಜೆ ಹೊರಟ ಹಡಗು ರಾತ್ರಿಯಿಡೀ ಸೆತೊ ಒಳನಾಡು ಸಮುದ್ರದ ನಡುಗಡ್ಡೆಗಳ ನಡುವೆ ಸಾಗಿ, ಬೆಳಗಿನ ಹೊತ್ತಿಗೆ ಕ್ಯೂಷೂ ದ್ವೀಪದ ಪೂರ್ವ ಕರಾವಳಿಯ ಒಂದು ಕೊಲ್ಲಿಯನ್ನು ಹೊಗುತ್ತದೆ. ಆಗ ಹಡಗಿನ ಅಟ್ಟದ ಮೇಲೆ ನಿಂತವರ ಕಣ್ಣಿಗೆ ಕಟ್ಟಡಗಳಿಗಿಂತ ಮೊದಲು ಬೀಳುವುದು ಊರಿನ ಹಬೆ. ಬೆಟ್ಟದ ಬುಡದಿಂದ ಕಡಲಿನವರೆಗೆ ಇಳಿಜಾರಾಗಿ ಹರಡಿಕೊಂಡ ಮನೆಗಳ ನಡುನಡುವೆ ಬೆಳ್ಳನೆಯ ಆವಿಯ ಕಂಬಗಳು ಎದ್ದು ನಿಂತಿರುತ್ತವೆ. ಮಲೆನಾಡಿನ ಹಳ್ಳಿಗಳಲ್ಲಿ ಚಳಿಗಾಲದ ಬೆಳಿಗ್ಗೆ ಬಚ್ಚಲೊಲೆಯ ಹೊಗೆ ಹೆಂಚಿನ ಸಂದಿಯಿಂದ ಮೇಲೇಳುವುದನ್ನು ನೋಡಿದವರಿಗೆ ಈ ನೋಟ ತೀರ ಅಪರಿಚಿತ ಎನಿಸಲಾರದು; ಆದರೆ ಇಲ್ಲಿ ಯಾರೂ ಒಲೆ ಹಚ್ಚಿರುವುದಿಲ್ಲ. ಓಇತಾ ಪ್ರಾಂತ್ಯಕ್ಕೆ ಸೇರಿದ, ಸುಮಾರು 1.15 ಲಕ್ಷ ಜನರಿರುವ ಈ ಕಡಲತಡಿಯ ನಗರದ ಹೆಸರು ಬೆಪ್ಪು. ಇಂದು ನಾನು ಮಾತನಾಡಲಿರುವುದು ಈ ಊರಿನ ಬಗ್ಗೆ.

ಕನ್ನಡದ ಕಿವಿಗೆ ಈ ಹೆಸರು ಬೇರೊಂದು ಅರ್ಥ ಕೊಡುತ್ತದೆಂಬುದು ನಿಮಗೂ ಗೊತ್ತು, ಆದ್ದರಿಂದ ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಮಧ್ಯಯುಗದ ಜಪಾನಿನಲ್ಲಿ ಹೊಸದಾಗಿ ಸಾಗುವಳಿಗೆ ತಂದ ಭೂಮಿಗೆ ಪ್ರತ್ಯೇಕವಾಗಿ ಬರೆದುಕೊಡುತ್ತಿದ್ದ ಪರವಾನಗಿ ಪತ್ರಕ್ಕೆ ‘ಬೆಪ್ಪು’ ಎಂಬ ಹೆಸರಿತ್ತು. ನಮ್ಮಲ್ಲಿ ‘ದರಖಾಸ್ತು ಜಮೀನು’ ಎಂದು ಹೇಳುವ ಹಾಗೆ, ಕಂದಾಯದ ಭಾಷೆಯ ಒಂದು ಪದ ಅಲ್ಲಿ ಊರಿನ ಹೆಸರಾಗಿ ಉಳಿದುಕೊಂಡಿತು.

ಪ್ರವಾಸಿಗರ ಕೈಪಿಡಿಗಳು ಬೆಪ್ಪುವಿನ ಬಿಸಿನೀರನ್ನು ಭೂಮಿತಾಯಿ ಕೊಟ್ಟ ವರವೆಂದು ಬಣ್ಣಿಸುತ್ತವೆ. ನನಗೆ ಈ ಮಾತು ಸಾಲದೆನಿಸುತ್ತದೆ. ಅಲ್ಲಿ ನೆಲದಿಂದ ಹೊರಬರುವ ನೀರಿನ ಬಹುಪಾಲು ಮೈಮೇಲೆ ಹೊಯ್ದುಕೊಳ್ಳಲಾಗದಷ್ಟು ಬಿಸಿಯಾದುದು. ಕೆಲವು ಬುಗ್ಗೆಗಳು 98 ಡಿಗ್ರಿಯವು, ಅಂದರೆ ಕುದಿಯುವುದಕ್ಕೆ ಎರಡೇ ಡಿಗ್ರಿ ಕಡಿಮೆ. ನಮ್ಮ ಬಚ್ಚಲುಮನೆಯಲ್ಲಿ ಹಂಡೆಯ ನೀರನ್ನು ಕಾಯಿಸುವುದು ಕೆಲಸವಾದರೆ ಬೆಪ್ಪುವಿನಲ್ಲಿ ನೀರನ್ನು ಆರಿಸುವುದೇ ಕೆಲಸ. ಶತಮಾನಗಳಿಂದ ಆ ಜನ ಮಾಡಿಕೊಂಡು ಬಂದಿರುವುದು ಇದನ್ನೇ: ಮಿತಿಮೀರಿದ ಬಿಸಿಯನ್ನು ಮನುಷ್ಯರ ಮೈ ತಡೆಯುವ ಹದಕ್ಕೆ ತರುವುದು, ಹಾಗೆ ತಂದ ನೀರನ್ನು ಎಲ್ಲರೂ ಹಂಚಿಕೊಳ್ಳುವುದು. ಈ ಹದವನ್ನು ಅವರು ಹೇಗೆ ಕಂಡುಕೊಂಡರೆಂಬುದು ನನ್ನ ಇಂದಿನ ವಿಷಯ.

ಮೊದಲು ಆ ಬಿಸಿ ಎಲ್ಲಿಂದ ಬರುತ್ತದೆ ಎನ್ನುವುದನ್ನು ನೋಡೋಣ. ಊರಿನ ಬೆನ್ನಿಗೆ 1,375 ಮೀಟರ್ ಎತ್ತರದ ತ್ಸುರುಮಿ ಪರ್ವತವಿದೆ, ಅದರ ಉತ್ತರಕ್ಕೆ ಗರಂದಾಕೆ ಎಂಬ ಇನ್ನೊಂದು ಶಿಖರ. ಎರಡೂ ಜ್ವಾಲಾಮುಖಿಗಳು. ಈ ಬೆಟ್ಟಗಳ ಮೇಲೆ ಬಿದ್ದ ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕೆ ಇಂಗಿ, ಅಲ್ಲಿನ ಕಾವಿನಲ್ಲಿ 250ರಿಂದ 300 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಮೇಲಿನ ಒತ್ತಡ ಅಪಾರವಾದ್ದರಿಂದ ಅಷ್ಟು ಬಿಸಿಯಾದರೂ ಅದು ಅಲ್ಲಿ ನೀರಾಗಿಯೇ ಉಳಿಯುತ್ತದೆ. ಊರಿನ ದಕ್ಷಿಣದಲ್ಲಿ ಅಸಾಮಿ ಹೊಳೆಯ ಗುಂಟ, ಉತ್ತರದಲ್ಲಿ ಕಮೆಗಾವಾದ ಗುಂಟ ಭೂಮಿ ಸೀಳಿಕೊಂಡ ಎರಡು ಸ್ತರಭಂಗಗಳಿವೆ. ಬಿಸಿನೀರು ಮುಖ್ಯವಾಗಿ ಈ ಎರಡು ದಾರಿಗಳಲ್ಲಿ ಕಡಲಿನ ಕಡೆಗೆ ಹರಿಯುತ್ತಾ ಮೇಲೇರುತ್ತದೆ. ಮೇಲೇರಿದಂತೆ ಒತ್ತಡ ಇಳಿದು ಅದರಿಂದ ಹಬೆ ಬೇರೆಯಾಗುತ್ತದೆ. ಹಬೆ ಹಗುರವಾದ್ದರಿಂದ ಎತ್ತರದ ಪ್ರದೇಶಗಳಲ್ಲಿ ಗಂಧಕದ ವಾಸನೆಯೊಂದಿಗೆ ಹೊರಬೀಳುತ್ತದೆ. ಉಪ್ಪಿನಂಶವಿರುವ ನೀರು ತಗ್ಗಿಗೆ ಹರಿದು, ತಣ್ಣನೆಯ ಅಂತರ್ಜಲದೊಂದಿಗೆ ಬೆರೆಯುತ್ತಾ ಕಡಲತಡಿಯನ್ನು ಮುಟ್ಟುತ್ತದೆ. ಒಂದೇ ಊರಿನಲ್ಲಿ ಹುಳಿ ನೀರು, ಉಪ್ಪು ನೀರು, ಸೋಡಾದ ಗುಣವುಳ್ಳ ನೀರು, ಕೆಸರು ನೀರು ಎಲ್ಲವೂ ದೊರೆಯುವುದಕ್ಕೆ ಇದೇ ಕಾರಣ. ಜಪಾನಿನಲ್ಲಿ ಬುಗ್ಗೆಯ ನೀರನ್ನು 10 ಬಗೆಗಳಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ 7 ಬಗೆಗಳು ಈ ಒಂದು ನಗರದೊಳಗೇ ಇವೆ.

ಪ್ರಮಾಣವನ್ನೂ ಹೇಳಬೇಕು. ನಗರದಲ್ಲಿ 2,000ಕ್ಕೂ ಮಿಕ್ಕಿ ಬಿಸಿನೀರಿನ ಮೂಲಗಳಿವೆ. ಬುಗ್ಗೆಗಳ ಸಂಖ್ಯೆಯಲ್ಲೂ ಹೊರಬರುವ ನೀರಿನ ಪ್ರಮಾಣದಲ್ಲೂ ಜಪಾನಿನ ಬೇರಾವ ಊರೂ ಇದರ ಸಮಕ್ಕೆ ಬರುವುದಿಲ್ಲ. ನಿಮಿಷವೊಂದಕ್ಕೆ 80,000 ಲೀಟರಿಗೂ ಹೆಚ್ಚು ಬಿಸಿನೀರು ಬರುತ್ತದೆ ಎಂದರೆ ಕಣ್ಣಿಗೆ ಕಟ್ಟುವುದು ಕಷ್ಟ. ಬೇಸಿಗೆಯಲ್ಲಿ ನಮ್ಮ ನಗರಗಳ ಬಡಾವಣೆಗಳಿಗೆ ಬರುವ 12,000 ಲೀಟರಿನ ನೀರಿನ ಟ್ಯಾಂಕರುಗಳಲ್ಲಿ ಅಳೆದರೆ ನಿಮಿಷಕ್ಕೆ ಆರಕ್ಕೂ ಹೆಚ್ಚು ಟ್ಯಾಂಕರುಗಳಾಗುತ್ತವೆ. ಬೆಪ್ಪು, ಕನ್ನವಾ, ಮ್ಯೋಬಾನ್, ಕಾಂಕೈಜಿ, ಹಮಾವಾಕಿ, ಕಮೆಗಾವಾ, ಹೊರಿತಾ, ಶಿಬಾಸೆಕಿ ಎಂಬ ಎಂಟು ಕೇರಿಗಳು ಒಂದೊಂದೂ ತನ್ನದೇ ನೀರು, ತನ್ನದೇ ಸ್ನಾನಗೃಹಗಳು, ತನ್ನದೇ ನಡಾವಳಿಯುಳ್ಳ ಊರುಗಳಾಗಿದ್ದವು. ಎಂಟನ್ನೂ ಸೇರಿಸಿ ಜನ ಇಂದಿಗೂ ‘ಬೆಪ್ಪು ಹತ್ತೋ’, ಅಂದರೆ ಬೆಪ್ಪುವಿನ ಎಂಟು ಬಿಸಿನೀರು, ಎನ್ನುತ್ತಾರೆ.

ಆದರೆ ಹಿಂದಿನವರಿಗೆ ಈ ಸಮೃದ್ಧಿ ಸಮೃದ್ಧಿಯಾಗಿ ಕಂಡಿರಲಿಲ್ಲ. 8ನೆಯ ಶತಮಾನದಲ್ಲಿ ಅರಮನೆಯ ಆದೇಶದಂತೆ ಪ್ರಾಂತ್ಯಗಳ ನೆಲ, ಬೆಳೆ, ಐತಿಹ್ಯಗಳನ್ನು ದಾಖಲಿಸಿದ ‘ಫುದೊಕಿ’ ಎಂಬ ವರದಿಗಳಲ್ಲಿ, ಬೆಪ್ಪು ಆಗ ಸೇರಿದ್ದ ಬುಂಗೊ ಪ್ರಾಂತ್ಯದ್ದೂ ಉಳಿದು ಬಂದಿದೆ. ಅದರಲ್ಲಿ ಇಲ್ಲಿನ ಎರಡು ಬುಗ್ಗೆಗಳ ವರ್ಣನೆ ಇದೆ. ಒಂದರ ನೀರು ಕೆಂಪು. ಅದರ ಕೆಸರನ್ನು ಮನೆಯ ಕಂಬಗಳಿಗೆ ಬಳಿಯಲು ಬಳಸಬಹುದು ಎಂದು ಬರೆದವರು ಗುರುತಿಸಿದ್ದಾರೆ. ಇನ್ನೊಂದರ ನೀರು ಕಪ್ಪು. ಅದು ಸಾಮಾನ್ಯವಾಗಿ ಹರಿಯುವುದಿಲ್ಲ, ಆದರೆ ಯಾರಾದರೂ ಮೆಲ್ಲನೆ ಹತ್ತಿರ ಹೋಗಿ ದೊಡ್ಡ ದನಿಯಲ್ಲಿ ಕೂಗಿದರೆ ಬೆಚ್ಚಿ ಸುಮಾರು 6 ಮೀಟರ್ ಎತ್ತರಕ್ಕೆ ಉಕ್ಕುತ್ತದೆ, ಅದರ ಹಬೆಯ ಝಳಕ್ಕೆ ಸುತ್ತಲಿನ ಗಿಡಮರಗಳೆಲ್ಲ ಒಣಗಿವೆ, ಜನ ಅದನ್ನು ‘ಸಿಟ್ಟಿನ ಬುಗ್ಗೆ’ ಎನ್ನುತ್ತಾರೆ ಎಂಬ ವಿವರಣೆಯಿದೆ. ಬುಗ್ಗೆಗೆ ಸಿಟ್ಟಿದೆ ಎಂದು ನಂಬಿದ ಜನ ಅದರ ಹತ್ತಿರ ಹೇಗೆ ಬದುಕಿದ್ದರೆಂಬುದನ್ನು ಆ ಒಂದೇ ಹೆಸರು ಹೇಳುತ್ತದೆ. 867ರಲ್ಲಿ ತ್ಸುರುಮಿ ಪರ್ವತ ಸ್ಫೋಟಿಸಿದಾಗ ರಾಜಧಾನಿಯವರೆಗೆ ಸುದ್ದಿ ಮುಟ್ಟಿತು. ಪರ್ವತದ ದೇವತೆಗಳು ಇಬ್ಬರು, ಬೆಂಕಿಯ ಗಂಡು ಮತ್ತು ಬೆಂಕಿಯ ಹೆಣ್ಣು. ಅವರನ್ನು ಶಾಂತಗೊಳಿಸಲು ಅವರ ಸನ್ನಿಧಿಯಲ್ಲಿ ಪ್ರಜ್ಞಾಪಾರಮಿತ ಸೂತ್ರವನ್ನು ಪಠಿಸಲಾಯಿತು. ಜಪಾನಿನ ದೇಸಿ ಧರ್ಮವಾದ ಶಿಂತೊವಿನ ದೇವತೆಗಳ ಮುಂದೆ ಬೌದ್ಧ ಗ್ರಂಥದ ಪಾರಾಯಣ ನಡೆದದ್ದು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಂಡಿರಲಾರದು, ನಮಗೂ ಕಾಣಬೇಕಿಲ್ಲ.

ಇಂಥ ಬುಗ್ಗೆಗಳಿಗೆ ಜನ ಇಟ್ಟ ಹೆಸರು ‘ಜಿಗೊಕು’, ಅಂದರೆ ನರಕ. ‘ನರಕ’ ಎಂಬ ನಮ್ಮ ಪದವೇ ಬೌದ್ಧ ಧರ್ಮದ ಜೊತೆ ಚೀನಾದ ದಾರಿಯಾಗಿ ಜಪಾನಿಗೆ ಹೋಗಿ ‘ನರಾಕು’ ಆಗಿದೆ. ನಮ್ಮ ಯಮ ಅಲ್ಲಿ ‘ಎಮ್ಮಾ’ ಎಂಬ ಹೆಸರಿನಲ್ಲಿ ಸತ್ತವರ ಲೆಕ್ಕ ಕೇಳುತ್ತಾನೆ. ಅದೇ ಕಲ್ಪನೆಯ ಚೀನೀ ಅನುವಾದ ‘ಜಿಗೊಕು’, ನೆಲದೊಳಗಿನ ಸೆರೆಮನೆ. ಕುದಿಯುವ ಎಣ್ಣೆಯ ಕೊಪ್ಪರಿಗೆ, ರಕ್ತದ ಮಡು ಎಂದೆಲ್ಲ ಪುರಾಣ ಕೇಳಿ ಬೆಳೆದವರು ಬೆಪ್ಪುವಿನ ನೆಲವನ್ನು ಬೇರೆ ಯಾವ ಹೆಸರಿನಿಂದ ಕರೆಯಬಲ್ಲವರಾಗಿದ್ದರು? ಚಿನೊಯ್ಕೆ ಜಿಗೊಕು, ಅಂದರೆ ರಕ್ತದ ಕೊಳದ ನರಕ, ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನಿಂದ ಕೆಂಪಾದುದು. ಫುದೊಕಿಯ ಕೆಂಪು ಬುಗ್ಗೆ ಇದೇ ಎಂದು ಹೇಳಲಾಗುತ್ತದೆ. ಉಮಿ ಜಿಗೊಕು, ಕಡಲಿನ ನರಕ, ತಿಳಿನೀಲಿ ಬಣ್ಣದ್ದು, ನೋಡಲು ತಂಪಾಗಿ ಕಾಣುವ 98 ಡಿಗ್ರಿಯ ಕೊಳ. ಬೂದುಬಣ್ಣದ ಕೆಸರಿನಲ್ಲಿ ದುಂಡನೆಯ ಗುಳ್ಳೆಗಳು ಎದ್ದೆದ್ದು ಒಡೆಯುವ ಇನ್ನೊಂದು ಕೊಳಕ್ಕೆ, ಆ ಗುಳ್ಳೆಗಳು ಬೋಳು ತಲೆಯ ಸನ್ಯಾಸಿಗಳಂತೆ ಕಾಣುವುದರಿಂದ, ಓನಿಇಶಿ ಬೋಜು ಎಂಬ ಹೆಸರು ಬಂದಿದೆ. ತಾತ್ಸುಮಾಕಿ ಎಂಬ ಚಿಮ್ಮುಬುಗ್ಗೆ ಅರ್ಧ ಗಂಟೆಗೋ ನಲವತ್ತು ನಿಮಿಷಕ್ಕೋ ಒಮ್ಮೆ ಚಿಮ್ಮುತ್ತದೆ. ಅದು ಆಕಾಶಕ್ಕೇರಿ ಜನರ ಮೇಲೆ ಬೀಳದಿರಲೆಂದು ಮೇಲೆ ಕಲ್ಲಿನ ಮಾಡು ಕಟ್ಟಿದ್ದಾರೆ. 2009ರಲ್ಲಿ ಇಂಥ ನಾಲ್ಕು ನರಕಗಳು ರಾಷ್ಟ್ರೀಯ ರಮಣೀಯ ಸ್ಥಳಗಳೆಂಬ ಮನ್ನಣೆ ಪಡೆದವು. ಇವುಗಳಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಮಾಡಲಾಗದು. ದೂರದಿಂದ ನೋಡಿ ಬರುವುದಷ್ಟೇ.

ಈ ನರಕವನ್ನು ಪಳಗಿಸಿದ ಕೀರ್ತಿಯನ್ನು ಊರಿನ ಜನ ಒಬ್ಬ ಸಂತನಿಗೆ ಕೊಡುತ್ತಾರೆ. ಇಪ್ಪೆನ್ (1239–1289) ಎಂಬ ಈ ಬೌದ್ಧ ಭಿಕ್ಷು ಒಂದು ಊರಿನಲ್ಲಿ ನೆಲೆ ನಿಲ್ಲದೆ, ‘ನಮು ಅಮಿದ ಬುತ್ಸು’ ಎಂಬ ಅಮಿತಾಭ ಬುದ್ಧನ ನಾಮವನ್ನು ಕುಣಿದು ಹಾಡುತ್ತಾ ದೇಶ ಸುತ್ತಿದವನು. ಜಾತಿ, ಶುದ್ಧಿ, ವಿದ್ಯೆ ಏನನ್ನೂ ಕೇಳದೆ ಎದುರಾದವರಿಗೆಲ್ಲ ನಾಮ ಬರೆದ ಚೀಟಿ ಹಂಚಿದವನು. ನಮ್ಮ ದಾಸರನ್ನೂ ಶರಣರನ್ನೂ ಬಲ್ಲವರಿಗೆ ಇಂಥವನನ್ನು ಗುರುತಿಸುವುದು ಕಷ್ಟವಲ್ಲ. 1276ರಲ್ಲಿ ಕನ್ನವಾಕ್ಕೆ ಬಂದ ಅವನು, ಕೆರಳಿ ಜನರನ್ನು ಕಾಡುತ್ತಿದ್ದ ಅಲ್ಲಿನ ನರಕಗಳನ್ನು ಪ್ರಾರ್ಥನೆಯಿಂದ ಶಾಂತಗೊಳಿಸಿ, ಹಬೆಸ್ನಾನದ ಮನೆಯೊಂದನ್ನು ತೆರೆದನೆಂಬುದು ಪ್ರತೀತಿ. ಆ ಸ್ನಾನ ಇಂದಿಗೂ ನಡೆದಿದೆ. ಬಗ್ಗಿ ನುಸುಳಬೇಕಾದಷ್ಟು ಸಣ್ಣ ಮರದ ಬಾಗಿಲು. ಒಳಗೆ ಎಂಟು ಚಾಪೆಗಳಷ್ಟು ಅಗಲದ, ಅರೆಗತ್ತಲೆಯ ಕೋಣೆ. ಕೆಳಗಿನಿಂದ ಬುಗ್ಗೆಯ ಹಬೆ ಕಾಯಿಸುತ್ತಿರುವ ನೆಲದ ಮೇಲೆ ಹಾಸಿದ ಹಸಿರು ಹುಲ್ಲು. ಆ ಹುಲ್ಲಿನ ಹೆಸರು ಸೆಕಿಶೊ, ಅದು ನಮ್ಮಲ್ಲಿ ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆಯ ಕುಲಕ್ಕೇ ಸೇರಿದ್ದು. ಹಬೆಗೆ ಬೆಂದ ಆ ಎಲೆಗಳ ಘಾಟು ತುಂಬಿದ ಕೋಣೆಯಲ್ಲಿ ಹತ್ತಿಯ ಬಟ್ಟೆ ಉಟ್ಟು ಮಲಗಿದವರನ್ನು, ಹತ್ತು ನಿಮಿಷವಾಗುತ್ತಲೇ ಹೊರಗಿನಿಂದ ಕೂಗಿ ಕರೆಯುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಇರಬಾರದು. ಹೀಗೆ ಗಡಿಯಾರ ನೋಡಿ ಕೂಗುವ ಮನುಷ್ಯ ಕೂಡ ಆ ಹದದ ಒಂದು ಭಾಗವೇ ಎಂದು ನಾನು ಭಾವಿಸುತ್ತೇನೆ. ವರ್ಷಕ್ಕೊಮ್ಮೆ ಸೆಪ್ಟೆಂಬರಿನಲ್ಲಿ ಕನ್ನವಾದ ಜನ ಇಪ್ಪೆನ್‌ನ ಮರದ ಪ್ರತಿಮೆಯನ್ನು ಹೊರತಂದು ಬಿಸಿನೀರಿನ ಅಭಿಷೇಕ ಮಾಡುತ್ತಾರೆ.

ಕನ್ನವಾಕ್ಕಿಂತ ಮೇಲಿರುವ ಮ್ಯೋಬಾನ್ ಕೇರಿಯಲ್ಲಿ ಹದದ ವಿದ್ಯೆ ಇನ್ನೊಂದು ರೂಪ ತಾಳಿದೆ. ‘ಮ್ಯೋಬಾನ್’ ಎಂದರೆ ಪಟಿಕ. ಎದೊ ಕಾಲದಲ್ಲಿ (1603–1868) ಬಣ್ಣಗಾರರಿಗೆ ಬೇಕಾದ ಪಟಿಕವನ್ನು ಇಲ್ಲಿ ತಯಾರಿಸುತ್ತಿದ್ದರು. ಚೀನಾದಿಂದ ಬಂದ ಅಗ್ಗದ ಪಟಿಕದೊಡನೆ ಸೆಣಸಿ ಉಳಿದ ಈ ಉದ್ಯಮ, ಮೈಜಿ ಯುಗದಲ್ಲಿ (1868–1912) ಪಟಿಕಕ್ಕೆ ಬೇಡಿಕೆ ಕುಸಿದಾಗ ‘ಯುನೊಹಾನಾ’, ಅಂದರೆ ಬಿಸಿನೀರಿನ ಹೂವು, ಎಂಬ ಸ್ನಾನದ ಹರಳುಗಳ ಕಡೆಗೆ ಹೊರಳಿತು. ಇಳಿಜಾರಿನಲ್ಲಿ ಸಾಲಾಗಿ ನಿಂತ ಹುಲ್ಲಿನ ಗುಡಿಸಲುಗಳಲ್ಲಿ ಒಂದನ್ನು ಹೊಕ್ಕರೆ ಕಣ್ಣಿಗೆ ಬೀಳುವುದು ಬರಿಯ ನೆಲ. ಕಲ್ಲು ಜೋಡಿಸಿ ಹಬೆಗೆ ದಾರಿ ಮಾಡಿ, ಅದರ ಮೇಲೆ ಅಲ್ಲಿನದೇ ನೀಲಿ ಛಾಯೆಯ ಜೇಡಿಮಣ್ಣನ್ನು ಹರಡಿರುತ್ತಾರೆ. ಗಂಧಕದ ಆವಿ ಮಣ್ಣನ್ನು ಹಾದು ಬರುವಾಗ ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶಗಳು ಕರಗಿ, ಮೇಲ್ಮೈಯಲ್ಲಿ ಇಬ್ಬನಿ ಹೆಪ್ಪುಗಟ್ಟಿದ ಹಾಗೆ ಸೂಜಿಯಂಥ ಹರಳುಗಳು ಮೂಡುತ್ತವೆ. ಅವು ಬೆಳೆಯುವುದು ದಿನಕ್ಕೆ ಒಂದು ಮಿಲಿಮೀಟರಿನಷ್ಟು. ಕೆರೆದು ತೆಗೆಯಲು 40ರಿಂದ 60 ದಿನ ಕಾಯಬೇಕು. ಈ ಹರಳುಗಳು ನೀರಿನಲ್ಲಿ ಕರಗುವಂಥವು, ಛಾವಣಿಯಿಂದ ಒಂದೊಂದೇ ಹನಿ ತೊಟ್ಟಿಕ್ಕಿದರೂ ಅಷ್ಟು ದಿನಗಳ ಬೆಳೆ ಹಾಳು. ತಗಡನ್ನೋ ಹೆಂಚನ್ನೋ ಹೊದಿಸಿದರೆ ಹಬೆ ಒಳಗೇ ತಣಿದು ಹನಿಯಾಗಿ ಬೀಳುತ್ತದೆ. ದಪ್ಪ ಹುಲ್ಲಿನ ಛಾವಣಿಯಾದರೆ ಮಳೆಯನ್ನು ಹೊರಗೇ ತಡೆದು, ಹಬೆಯ ತೇವವನ್ನು ತಾನೇ ಹೀರಿಕೊಂಡು ಹೊರಗೆ ಬಿಡುತ್ತದೆ. ನೂರಾರು ವರ್ಷಗಳ ನಂತರವೂ ಆ ಗುಡಿಸಲುಗಳು ಗುಡಿಸಲುಗಳಾಗಿಯೇ ಉಳಿದಿರುವುದು ಅಂದಕ್ಕಾಗಿ ಎಂದು ಯಾರೂ ತಿಳಿಯಬಾರದು, ಬೇರೆ ಛಾವಣಿ ಆ ಕೆಲಸ ಮಾಡುವುದಿಲ್ಲ. ಈ ತಯಾರಿಕೆಯ ವಿಧಾನವನ್ನು 2006ರಲ್ಲಿ ಜಪಾನ್ ಸರ್ಕಾರ ಮಹತ್ವದ ಜಾನಪದ ಪರಂಪರೆಯೆಂದು ಗುರುತಿಸಿತು.

ಇಷ್ಟಾದರೂ 19ನೆಯ ಶತಮಾನದ ನಡುವಿನವರೆಗೆ ಬೆಪ್ಪು ಸುತ್ತಮುತ್ತಲಿನ ರೈತರಿಗೂ ಬೆಸ್ತರಿಗೂ ಗೊತ್ತಿದ್ದ ಊರು ಮಾತ್ರ. ನಾಟಿ ಅಥವಾ ಕಟಾವು ಮುಗಿಸಿದ ರೈತರು ಅಕ್ಕಿ, ಮಿಸೊ ಎಂಬ ಹುದುಗಿಸಿದ ಸೋಯಾದ ಮುದ್ದೆ ಕಟ್ಟಿಕೊಂಡು ಬಂದು ವಾರಗಟ್ಟಲೆ ಬಾಡಿಗೆ ಕೋಣೆಯಲ್ಲಿದ್ದು, ತಾವೇ ಅಡುಗೆ ಮಾಡಿಕೊಂಡು, ದಿನಕ್ಕೆ ಹಲವು ಬಾರಿ ಬಿಸಿನೀರಿಗಿಳಿದು ಮೈಕೈ ನೋವು ಕಳೆದುಕೊಳ್ಳುತ್ತಿದ್ದರು. ಈ ಪದ್ಧತಿಗೆ ‘ತೋಜಿ’ ಎನ್ನುತ್ತಾರೆ. ಒಳನಾಡು ಸಮುದ್ರದ ಆಚೆ ದಡಗಳಿಂದ ದೋಣಿಗಳಲ್ಲಿ ಬಂದವರು ಕೋಣೆಯನ್ನೂ ಹಿಡಿಯದೆ, ದೋಣಿಗಳನ್ನು ದಡಕ್ಕೆ ಕಟ್ಟಿ ರಾತ್ರಿ ಅವುಗಳಲ್ಲೇ ಮಲಗಿ, ಸ್ನಾನಕ್ಕೆ ಮಾತ್ರ ಊರೊಳಗೆ ಬರುತ್ತಿದ್ದರು. 1871ರಲ್ಲಿ ಬಂದರು ತೆರೆದ ಮೇಲೆ ಉಗಿಹಡಗುಗಳು ಬರತೊಡಗಿದವು. 1879ರಲ್ಲಿ ಬಂದರಿನ ಬಳಿ ತಾಕೆಗವಾರಾ ಎಂಬ ಸಾರ್ವಜನಿಕ ಸ್ನಾನಗೃಹ ತಲೆಯೆತ್ತಿತು. ಮೊದಲು ಬಿದಿರಿನದಾಗಿದ್ದ ಅದರ ಛಾವಣಿ ಮುಂದೆ ಹೆಂಚಿನದಾದುದರಿಂದ, ಬಿದಿರು-ಹೆಂಚು ಎಂಬ ಅರ್ಥದ ಆ ಹೆಸರು. ಈಗಿರುವ ಎತ್ತರದ ಮರದ ಕಟ್ಟಡ 1938ರದು. ಬಿಸಿನೀರು ಊಡಿಸಿದ ಕಪ್ಪು ಮರಳಿನಲ್ಲಿ ಜನರನ್ನು ಕುತ್ತಿಗೆಯವರೆಗೆ ಹೂಳಿ ಬೆವರಿಸುವ ಮರಳುಸ್ನಾನ ಇಂದಿಗೂ ಅದರೊಳಗೆ ನಡೆಯುತ್ತದೆ.

ಊರಿನ ಸ್ವರೂಪವನ್ನೇ ಬದಲಿಸಿದ್ದು ಮೈಜಿ ಯುಗದಲ್ಲಿ ಬಂದ ‘ಕಝುಸಾ’ ಕೊರೆತದ ವಿಧಾನ. ಬಿದಿರಿನ ಸೀಳುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದನೆಯ ಬಳುಕುವ ದಾರವನ್ನಾಗಿಸಿ, ತುದಿಗೆ ಕಬ್ಬಿಣದ ಉಳಿ ಕಟ್ಟಿ, ಬಿದಿರಿನದೇ ಬಿಲ್ಲಿನ ಸೆಳೆತದಿಂದ ಎತ್ತಿ ಎತ್ತಿ ಕುಕ್ಕುವ ಈ ವಿಧಾನದಲ್ಲಿ ಕೆಲವೇ ಕೆಲಸಗಾರರು, ಯಾವ ಯಂತ್ರವೂ ಇಲ್ಲದೆ, ನೂರಾರು ಮೀಟರ್ ಆಳಕ್ಕೆ ಇಳಿಯಬಲ್ಲವರಾಗಿದ್ದರು. ತಾನಾಗಿ ನೀರು ಉಕ್ಕುವ ಜಾಗಕ್ಕೆ ಜನ ಹೋಗಬೇಕಾಗಿದ್ದ ಕಾಲ ಮುಗಿದು, ಜನರಿದ್ದಲ್ಲಿಗೆ ನೀರು ಬಂತು. ಇಂದು ಬೆಪ್ಪುವಿನಲ್ಲಿರುವ ಬುಗ್ಗೆಗಳಲ್ಲಿ ಹೆಚ್ಚಿನವು ಹೀಗೆ ಕೊರೆದು ತೆಗೆದವು. ಕೊಳವೆಬಾವಿಗಳ ಕಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡಿರುವ ನಾವು ಈ ಮಾತನ್ನು ನೆನಪಿನಲ್ಲಿಟ್ಟುಕೊಂಡಿರೋಣ, ನಾನು ಮತ್ತೆ ಇದಕ್ಕೆ ಬರುತ್ತೇನೆ.

ನೀರು ಬಂತು, ರೈಲೂ 1911ರಲ್ಲಿ ಬಂತು. ಅದೇ ವರ್ಷ ಊರಿಗೆ ಬಂದವನು ಅಬುರಾಯಾ ಕುಮಾಹಾಚಿ. 1863ರಲ್ಲಿ ಶಿಕೊಕು ದ್ವೀಪದ ಉವಾಜಿಮಾದಲ್ಲಿ ಅಕ್ಕಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿ, ಒಸಾಕಾದ ಅಕ್ಕಿ ಸಟ್ಟಾ ಮಾರುಕಟ್ಟೆಯಲ್ಲಿ ಹಣ ಮಾಡಿ, ಅಲ್ಲಿಯೇ ಎಲ್ಲವನ್ನೂ ಕಳೆದುಕೊಂಡು, ಅಮೆರಿಕಕ್ಕೆ ಹೋಗಿ ಅಲೆದಾಡಿ ಹಿಂತಿರುಗಿದವನು, ಅಲ್ಲಿದ್ದಾಗ ಕ್ರೈಸ್ತನಾಗಿದ್ದ. ಐವತ್ತರ ಹೊಸ್ತಿಲಲ್ಲಿ ಅವನು ಬೆಪ್ಪುವಿನಲ್ಲಿ ಕಮೆನೊಯ್ ಎಂಬ ಪುಟ್ಟ ವಸತಿಗೃಹ ತೆರೆದ. ದಾರಿಹೋಕರನ್ನು ಆದರಿಸಿರಿ ಎಂಬ ಬೈಬಲಿನ ಮಾತನ್ನು ತನ್ನ ವ್ಯವಹಾರದ ಸೂತ್ರವಾಗಿಸಿಕೊಂಡ ಈತ, ತನ್ನ ಮನೆಯ ಅತಿಥಿಗಳನ್ನಷ್ಟೇ ನೋಡಿಕೊಳ್ಳದೆ ಇಡೀ ಊರನ್ನೇ ಒಂದು ಅತಿಥಿಗೃಹವೆಂದು ಎಣಿಸಿದ. ದೊಡ್ಡ ಹಡಗುಗಳಿಂದ ಇಳಿಯಲು ಪ್ರಯಾಣಿಕರು ಸಣ್ಣ ದೋಣಿಗಳನ್ನು ಹತ್ತಿ ಒದ್ದಾಡುತ್ತಿದ್ದುದನ್ನು ಕಂಡು, ಬಂದರಿಗೆ ಕಟ್ಟೆ ಕಟ್ಟಿಸಲು ಹಡಗು ಕಂಪನಿಯ ಬೆನ್ನುಬಿದ್ದ. ‘ಬೆಟ್ಟವೆಂದರೆ ಫುಜಿ, ಕಡಲೆಂದರೆ ಸೆತೊ ಒಳನಾಡು, ಬಿಸಿನೀರೆಂದರೆ ಬೆಪ್ಪು’ ಎಂಬ ಘೋಷವಾಕ್ಯವನ್ನು ಮರದ ಕಂಬದ ಮೇಲೆ ಬರೆಸಿ, ಆ ಕಂಬವನ್ನು ಹೊರಿಸಿಕೊಂಡು ಹೋಗಿ ಫುಜಿ ಪರ್ವತದ ಮೇಲೆಯೇ ನೆಡಿಸಿದ.

1928ರಲ್ಲಿ ಅವನು ನರಕಗಳನ್ನು ಸುತ್ತಿಸಿ ತೋರಿಸುವ ಬಸ್ಸುಗಳನ್ನು ಆರಂಭಿಸಿ, ಪ್ರತಿ ಬಸ್ಸಿನಲ್ಲಿ ವಿವರ ಹೇಳಲು ತರುಣಿಯರನ್ನು ನೇಮಿಸಿದ. ಜಪಾನಿನಲ್ಲಿ ಪ್ರವಾಸಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಮಾರ್ಗದರ್ಶಿಗಳಾಗಿ ನಿಂತದ್ದು ಇದೇ ಮೊದಲು. ಅವರು ಹೇಳುತ್ತಿದ್ದ ವಿವರ ಜಪಾನೀ ಕಾವ್ಯದ ಏಳು ಮತ್ತು ಐದು ಮಾತ್ರೆಗಳ ಲಯದಲ್ಲಿತ್ತು. ನಮ್ಮಲ್ಲಿ ಪುರಾಣದ ಪ್ರಸಂಗವನ್ನು ಹಾಡಿ ಹೇಳುವಂತೆ, ಅವರು ನರಕದ ಒಂದೊಂದು ಕೊಳವನ್ನೂ ಹಾಡಿ ಪರಿಚಯಿಸುತ್ತಿದ್ದರು. ಭಯದ ಜಾಗವಾಗಿದ್ದ ನರಕ ಹೀಗೆ ಕುತೂಹಲದ ಜಾಗವಾಯಿತು. ಇದಕ್ಕೊಂದು ಬೆಲೆಯನ್ನು ಊರು ತೆತ್ತಿದೆ ಎಂದೂ ನಾನು ಹೇಳಬೇಕು: ಬೆಚ್ಚಗಿನ ನೀರಿದೆಯೆಂದು ಮೊಸಳೆಗಳನ್ನು ಸಾಕಿ ತೋರಿಸುವ ನರಕವೂ ಅಲ್ಲಿದೆ, ಅಂಥ ಪ್ರದರ್ಶನಗಳು ಆ ನೆಲದ ಗಾಂಭೀರ್ಯಕ್ಕೆ ಒಪ್ಪುತ್ತವೆಂದು ನನಗನಿಸುವುದಿಲ್ಲ. ಆದರೆ ಕುಮಾಹಾಚಿ 1935ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಬೆಪ್ಪುವನ್ನು ಅರಿಯದವರು ಜಪಾನಿನಲ್ಲಿ ವಿರಳವಾಗಿದ್ದರು. ರೈಲು ನಿಲ್ದಾಣದ ಮುಂದೆ ಎರಡೂ ಕೈಗಳನ್ನೆತ್ತಿ ಬಂದವರನ್ನು ಕರೆಯುವ ಭಂಗಿಯಲ್ಲಿ ಅವನ ಪ್ರತಿಮೆ ನಿಂತಿದೆ, ಅವನ ನಿಲುವಂಗಿಯ ಅಂಚಿಗೆ ನರಕದ ಪುಟ್ಟ ರಾಕ್ಷಸನೊಬ್ಬ ಜೋತುಬಿದ್ದಿದ್ದಾನೆ.

ಬಿಸಿನೀರು ಸ್ನಾನಕ್ಕಷ್ಟೇ ಬಳಕೆಯಾಗುವುದಿಲ್ಲ. ಕನ್ನವಾದ ಹಳೆಯ ವಸತಿಗೃಹಗಳ ಅಂಗಳದಲ್ಲಿ ಕಲ್ಲು ಅಥವಾ ಸಿಮೆಂಟಿನಿಂದ ಕಟ್ಟಿದ ‘ನರಕದ ಒಲೆ’ಗಳಿವೆ. ಮುಚ್ಚಳ ತೆಗೆದರೆ ಹಬೆ ಭುಸ್ಸೆಂದು ಬರುತ್ತದೆ. ಬಿದಿರಿನ ಬುಟ್ಟಿಯಲ್ಲಿ ಗೆಣಸು, ಮೊಟ್ಟೆ, ಮೀನು, ಸೊಪ್ಪು ಇಟ್ಟು ಮುಚ್ಚಿದರೆ ನಾವು ಕಡುಬು ಬೇಯಿಸುವ ಹಾಗೆ ಬೇಯುತ್ತವೆ. ಸೌದೆಯ ಖರ್ಚಿಲ್ಲ, ಹಬೆಯಲ್ಲಿರುವ ಉಪ್ಪಿನಂಶ ಅಡುಗೆಗೂ ಸ್ವಲ್ಪ ಹತ್ತುತ್ತದೆ. ವಾರಗಟ್ಟಲೆ ಉಳಿಯುವ ಅತಿಥಿಗಳಿಗೆ ಬೇಕಾದ ಬುಟ್ಟಿ, ಜಾಲರಿ, ಸೋಸುವ ಜರಡಿಗಳಿಗಾಗಿಯೇ ಇಲ್ಲಿ ಬಿದಿರಿನ ಹೆಣಿಗೆ ಬೆಳೆಯಿತು. ಮನೆಗೆ ಮರಳುವವರು ಅವನ್ನೇ ನೆನಪಿಗೆಂದು ಒಯ್ದರು. ಅಡುಗೆಮನೆಯ ಬುಟ್ಟಿಯಾಗಿ ಆರಂಭವಾದ ಆ ಕಸುಬು ಕಲೆಯಾಗಿ ಬೆಳೆದು, 1967ರಲ್ಲಿ ಬೆಪ್ಪುವಿನ ಶೋನೊ ಶೋಉನ್‌ಸಾಯ್ ಬಿದಿರಿನ ಕೆಲಸದಲ್ಲಿ ಜಪಾನಿನ ಮೊದಲ ‘ಜೀವಂತ ರಾಷ್ಟ್ರೀಯ ನಿಧಿ’ ಎನಿಸಿದರು. ಬಿದಿರು ನೀರನ್ನು ಆರಿಸುವುದಕ್ಕೂ ಒದಗಿದೆ. 1922ರಿಂದ ನಡೆಯುತ್ತಿರುವ ಹ್ಯೋತಾನ್ ಎಂಬ ಸ್ನಾನಗೃಹದಲ್ಲಿ ಬಿದಿರಿನ ಕಡ್ಡಿಗಳನ್ನು ಎತ್ತರದಿಂದ ಒತ್ತೊತ್ತಾಗಿ ತೂಗುಹಾಕಿ, ಕುದಿಯುವ ಬುಗ್ಗೆಯ ನೀರನ್ನು ಅವುಗಳ ಮೇಲಿನಿಂದ ಇಳಿಬಿಡುತ್ತಾರೆ. ಕಡ್ಡಿಯಿಂದ ಕಡ್ಡಿಗೆ ತೆಳ್ಳಗೆ ಜಾರುವ ನೀರು ಗಾಳಿಗೆ ತೆರೆದುಕೊಂಡು ಕೆಲವೇ ಕ್ಷಣಗಳಲ್ಲಿ 50 ಡಿಗ್ರಿಗಿಂತ ಕೆಳಗಿಳಿಯುತ್ತದೆ. ತಣ್ಣೀರು ಬೆರೆಸದಿರುವುದರಿಂದ ಬುಗ್ಗೆಯ ಗುಣ ತೆಳುವಾಗುವುದಿಲ್ಲ. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸುವ ನಮ್ಮ ತಿಳಿವಳಿಕೆಯೇ ಅಲ್ಲಿ ಎರಡಾಳೆತ್ತರದ ಬಿದಿರಿನ ಚೌಕಟ್ಟಿನಲ್ಲಿ ನಿಂತಂತೆ ಕಾಣುತ್ತದೆ.

ಈಗ ಕೊಳವೆಬಾವಿಗಳ ಮಾತಿಗೆ ಮರಳುತ್ತೇನೆ. ಬೆಪ್ಪುವಿನ ನೆಲದಡಿಯಲ್ಲಿ ಎಲ್ಲರ ಬುಗ್ಗೆಯೂ ಒಂದೇ ಹರಿವಿಗೆ ಸೇರಿದ್ದು. ಎತ್ತರದಲ್ಲಿ ಹಬೆಯನ್ನು ಹೆಚ್ಚು ತೆಗೆದರೆ ತಗ್ಗಿನ ಕೇರಿಗೆ ಹೋಗುವ ಬಿಸಿ ಕಡಿಮೆಯಾಗುತ್ತದೆ. ಕ್ಯೋತೊ ವಿಶ್ವವಿದ್ಯಾಲಯ 1920ರ ದಶಕದಿಂದಲೇ ಇಲ್ಲಿ ಭೂಶಾಖದ ಅಧ್ಯಯನ ಕೇಂದ್ರವನ್ನು ನಡೆಸುತ್ತಿದೆ. ಕೆಲವು ಕಡೆ ನೀರಿನ ಉಷ್ಣತೆಯೂ ಹರಿವೂ ಇಳಿಯುತ್ತಿರುವುದನ್ನು ದೀರ್ಘಕಾಲದ ಅಳತೆಗಳು ತೋರಿಸಿವೆ. ಹೊಸ ಬಾವಿ ಕೊರೆಯುವಂತಿಲ್ಲ ಎಂಬ ನಿರ್ಬಂಧದ ವಲಯಗಳನ್ನು ಪ್ರಾಂತ್ಯದ ಆಡಳಿತ ಗುರುತಿಸಿದೆ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ, 2012ರಲ್ಲಿ ಪರ್ಯಾಯ ವಿದ್ಯುತ್ತಿಗೆ ನಿಗದಿತ ಬೆಲೆ ಕೊಡುವ ಯೋಜನೆ ಬಂದಾಗ, ಬುಗ್ಗೆಯ ಹಬೆಯಿಂದ ವಿದ್ಯುತ್ ತಯಾರಿಸುವ ಸಣ್ಣ ಘಟಕಗಳು ಅಲ್ಲಿ ಒಂದರ ಹಿಂದೊಂದು ತಲೆಯೆತ್ತಿದವು. ಇಂಗಾಲ ಉರಿಸದೆ ವಿದ್ಯುತ್ ಪಡೆಯುವುದು ಒಳ್ಳೆಯದೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಬ್ಬರ ಜಮೀನಿನ ಬಾವಿಯಿಂದ ತೆಗೆದದ್ದು ಎಲ್ಲರ ತೊಟ್ಟಿಯಿಂದ ಕಡಿಮೆಯಾಗುವಾಗ ಆ ಲೆಕ್ಕವನ್ನು ಬರೆದಿಡುವವರು ಬೇಕಾಗುತ್ತದೆ. ಇಂಥ ಘಟಕಗಳಿಗೆ ಮುಂಚಿತ ಪರಿಶೀಲನೆ ಆಗಬೇಕೆಂದು ನಗರಾಡಳಿತ ಸ್ಥಳೀಯ ಕಟ್ಟಳೆ ಮಾಡಿದ್ದು ಅತ್ಯಂತ ವಿವೇಕದ ಕೆಲಸವೆಂದು ನಾನು ತಿಳಿಯುತ್ತೇನೆ. ಬಳಸಿದ ಬಿಸಿನೀರು ಹರಿದುಹೋಗುವ ಜಾಗಕ್ಕೂ ಅದರ ಪರಿಣಾಮವಿದೆ: ಸ್ನಾನಗೃಹಗಳ ನೀರು ಸೇರಿ ಚಳಿಗಾಲದಲ್ಲೂ ಬೆಚ್ಚಗಿರುವ ಬೆಪ್ಪುವಿನ ಕೆಲವು ಹೊಳೆಗಳಲ್ಲಿ, ಬಿಸಿನಾಡಿನ ಮೀನಾದ ತಿಲಾಪಿಯಾ, ನಮ್ಮ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ಅದೇ ಮೀನು, ಮನೆಮಾಡಿಕೊಂಡಿದೆ.

ಬೆಪ್ಪುವಿನ ನಿಜವಾದ ಜೀವ ದೊಡ್ಡ ಹೋಟೆಲುಗಳಲ್ಲಿಲ್ಲ, ಅದು ಓಣಿಗಳ ಸಾಮುದಾಯಿಕ ಸ್ನಾನಗೃಹಗಳಲ್ಲಿದೆ. ನಗರದಲ್ಲಿ ಇವು ನೂರಕ್ಕೂ ಹೆಚ್ಚು. ಹಲವು ಕಡೆ ಕೆಳಗೆ ಸ್ನಾನದ ತೊಟ್ಟಿ, ಮಹಡಿಯ ಮೇಲೆ ಓಣಿಯವರು ಸಭೆ ಸೇರುವ ಹಜಾರ. ಓಣಿಯವರು ತಿಂಗಳಿಗಿಷ್ಟೆಂದು ಹಣ ಕೂಡಿಸಿ, ಸರದಿಯ ಮೇಲೆ ತೊಟ್ಟಿ ತಿಕ್ಕಿ ತೊಳೆದು ಇವನ್ನು ನಡೆಸುತ್ತಾರೆ. ಹೊರಗಿನವರು ಕೆಲವು ಕಡೆ ಪೆಟ್ಟಿಗೆಯಲ್ಲಿ ನೂರೋ ಇನ್ನೂರೋ ಯೆನ್ ಹಾಕಿ ಒಳಗೆ ಹೋಗಬಹುದು. ಸದಸ್ಯರು ವೃದ್ಧರಾಗುತ್ತಿದ್ದಾರೆ, ತೊಟ್ಟಿ ತಿಕ್ಕುವ ಕೈಗಳು ಕಡಿಮೆಯಾಗುತ್ತಿವೆ ಎಂಬುದು ಇವುಗಳ ಮುಂದಿರುವ ಕಷ್ಟ. 2000ದಲ್ಲಿ ಊರಿನ ಮೇಲಿನ ಪ್ರಸ್ಥಭೂಮಿಯಲ್ಲಿ ಆರಂಭವಾದ, ಸುಮಾರು ಅರ್ಧದಷ್ಟು ವಿದ್ಯಾರ್ಥಿಗಳು ಹೊರದೇಶಗಳವರೇ ಆಗಿರುವ ರಿತ್ಸುಮೇಯ್ಕಾನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯದಿಂದಾಗಿ, ಇಂದು ಈ ತೊಟ್ಟಿಗಳಲ್ಲಿ ಭಾರತದವರನ್ನೂ ಒಳಗೊಂಡು ಹಲವು ದೇಶಗಳ ತರುಣರು ಊರಿನ ಹಿರಿಯರ ಪಕ್ಕದಲ್ಲಿ ಕೂರುತ್ತಾರೆ.

ಆ ತೊಟ್ಟಿಗಳಲ್ಲಿ ಶವರ್ ಇರುವುದಿಲ್ಲ, ಬಹಳಷ್ಟು ಕಡೆ ಸಾಬೂನೂ ಇರುವುದಿಲ್ಲ. ಬಟ್ಟೆ ಕಳಚಿ ಗೂಡಿನಲ್ಲಿಟ್ಟು, ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಚಿಕ್ಕ ಬೋಗುಣಿಯಿಂದ ನೀರು ಮೊಗೆದು ಮೊದಲು ಕಾಲಿಗೆ, ಆಮೇಲೆ ಭುಜಕ್ಕೆ ಹೊಯ್ದುಕೊಂಡು ಮೈ ತೊಳೆದ ಮೇಲೆಯೇ ಒಳಗಿಳಿಯಬೇಕು. ನೀರು 44 ಡಿಗ್ರಿಯೋ 45 ಡಿಗ್ರಿಯೋ ಇರುತ್ತದೆ, ಹೊಸಬರ ಚರ್ಮ ಮೊಣಕಾಲಿನಲ್ಲೇ ಚುರ್ರೆನ್ನುತ್ತದೆ. ಗೋಡೆಯಲ್ಲಿ ತಣ್ಣೀರಿನ ನಲ್ಲಿ ಇದೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಯಾರೂ ಅದನ್ನು ತಾವಾಗಿ ತಿರುಗಿಸುವುದಿಲ್ಲ. ತೊಟ್ಟಿಯೊಳಗೆ ಆಗಲೇ ಕಣ್ಣುಮುಚ್ಚಿ ಕೂತಿರುವ ಹಿರಿಯರ ಕಡೆ ತಿರುಗಿ, ‘ಸ್ವಲ್ಪ ತಣ್ಣೀರು ಬಿಡಲೇ?’ ಎಂದು ಕೇಳುತ್ತಾರೆ. ಹಿರಿಯರು ಬಿಡು ಎಂದರೆ ನಲ್ಲಿಯನ್ನು ಕಾಲು ಸುತ್ತು ತಿರುಗಿಸಿ, ತನ್ನ ಮೂಲೆಯಷ್ಟು ಆರಿದೊಡನೆ ಮತ್ತೆ ಕಟ್ಟುತ್ತಾರೆ.